ಎರಡು ಸಣ್ಣ ಕೌದಿ

ಗೊತ್ತಿಲ್ಲ ಎಂಬ ಮಾತು ಹುಲಿಗೇಶನ ಬಾಯಿಂದ ಹೊರಟಿದ್ದನ್ನು ನಾನು ಕೇಳಿರಲಿಲ್ಲ. ಕೇಳುವ ಅವಕಾಶವೇನೂ ಕಡಿಮೆ ಇರಲಿಲ್ಲ. ಸಿಂಧನೂರಿನಲ್ಲಿ ನನ್ನ ಮನೆ ಅವನ ಮನೆಯ ಪಕ್ಕದಲ್ಲೇ. ನನ್ನ ಕೆಲಸವೂ ಅವನ ಹಾಗೆ ಲಿಂಗಸುಗೂರಿನಲ್ಲಿ. ಒಂಬತ್ತು ವರ್ಷದಿಂದ ಬೆಳಗಿನ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋಗಿದ್ದೇವೆ, ಸಂಜೆ ಅಕ್ಕಪಕ್ಕ ಕೂತು ಬಂದಿದ್ದೇವೆ. ಈ ಅವಧಿಯಲ್ಲಿ ಅವನಿಗೆ ಹೋಮಿಯೋಪತಿ ಗೊತ್ತಿತ್ತು, ವಾಸ್ತು ಗೊತ್ತಿತ್ತು, ಮೋಟರ್ ರಿಪೇರಿ ಗೊತ್ತಿತ್ತು. ಅವನು ರಿಪೇರಿ ಮಾಡಿಕೊಟ್ಟ ನಮ್ಮ ಮಿಕ್ಸರ್ ಇವತ್ತಿಗೂ ಮುಚ್ಚಳ ತೆಗೆದರೆ ಮಾತ್ರ ತಿರುಗುತ್ತದೆ.

ಹುಲಿಗೇಶ ಸರ್ಕಾರಿ ಗುಮಾಸ್ತ. ಜೀವನದಲ್ಲಿ ಅವನಿಗಿದ್ದ ಆಸೆ ಒಂದೇ, ಸಿಂಧನೂರಿಗೆ ವರ್ಗಾವಣೆ. ಆ ಆಸೆಗೆ ಕಾರಣ ಹೆಂಡತಿ ಮಕ್ಕಳ ಮೇಲಿನ ಪ್ರೀತಿ ಎಂದು ಅರ್ಜಿಯಲ್ಲಿ ಬರೆಯುತ್ತಿದ್ದ. ನಿಜವಾದ ಕಾರಣ ಬಸ್ಸಿನ ಸೀಟು. ನಮ್ಮ ಸೀಟು ಹಿಂದಿನ ಗಾಲಿಯ ಮೇಲಿತ್ತು. ಅದರ ಸ್ಪಂಜು ಯಾವ ಕಾಲದಲ್ಲೋ ಹೋಗಿ, ಒಳಗಿನ ಕಬ್ಬಿಣದ ಪಟ್ಟಿ ಮಾತ್ರ ನಿಷ್ಠೆಯಿಂದ ಉಳಿದಿತ್ತು. ಮಸ್ಕಿ ದಾಟುವ ಹೊತ್ತಿಗೆ ಹುಲಿಗೇಶ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹನ್ನೆರಡು ಸಲ ಹೊರಳಿರುತ್ತಿದ್ದ.

ಆ ಚಳಿಗಾಲದಲ್ಲಿ ಅವನ ಸಾಹೇಬರು ಹನ್ನೆರಡು ದಿನ ರಜೆ ಹಾಕಿ ಮೈಸೂರಿನ ಕಡೆಯ ತಮ್ಮ ಊರಿಗೆ ಹೊರಟರು. ಹೊರಡುವ ಹಿಂದಿನ ದಿನ ಕಚೇರಿಯಲ್ಲಿ ಎಲ್ಲರಿಗೂ ಕೇಳುವಂತೆ, "ಗಿನಿ ಪಿಗ್ ಸಾಕಿ ಅಭ್ಯಾಸ ಇರೋರು ಯಾರಾದ್ರೂ ಇದ್ದೀರಾ?" ಎಂದರು.

"ಯಾರ್ಯಾಕ್ರಿ ಸರ್, ನಾನೇ ಅದೀನಲ್ರಿ," ಎಂದ ಹುಲಿಗೇಶ. "ನಮ್ಮ ಪಾಮನಕಲ್ಲೂರಾಗ ಸಣ್ಣಾಂವ ಇದ್ದಾಗಿಂದ ಸಾಕೀವ್ರಿ."

ಪಾಮನಕಲ್ಲೂರಿನ ಅವನ ಮನೆಯಲ್ಲಿ ಸಾಕಿದ್ದು ಒಂದು ಎಮ್ಮೆ. ಅದನ್ನೂ ಸಾಕಿದ್ದು ಅವನ ತಾಯಿ ಅಮರಮ್ಮ.

ಸಾಹೇಬರು ಪಂಜರ ತರಿಸಿದರು. ಅದರಲ್ಲಿ ಬದನೆಕಾಯಿ ಗಾತ್ರದ, ಬಾಲವಿಲ್ಲದ, ಕಂದು ಬಿಳಿ ಬಣ್ಣದ ಎರಡು ಪ್ರಾಣಿಗಳಿದ್ದವು. ಒಂದರ ಹೆಸರು ಲಡ್ಡು, ಇನ್ನೊಂದರದು ಜಾಮೂನು. "ಊಟ ಸುಲಭ, ಹುಲ್ಲು, ಸೊಪ್ಪು, ಸೌತೆಕಾಯಿ. ಹಾಸಿಗೆ ವಿಷಯದಲ್ಲಿ ಮಾತ್ರ ಹುಷಾರು ಹುಲಿಗೇಶ್. ಇವುಗಳ ಅಂಗಾಲು ತುಂಬಾ ಮೃದು, ಮೂಗು ಸೂಕ್ಷ್ಮ. ಹಾಸಿಗೆ ಸರಿಹೋಗದಿದ್ರೆ ಕಾಯಿಲೆ ಬೀಳ್ತವೆ. ನಾವು ತರಿಸ್ತಿದ್ದದ್ದು ಮುಗಿದುಹೋಗಿದೆ. ಯಾವುದು ಹಾಸಬೇಕು ಅಂತ ನಿಮಗೆ ಗೊತ್ತಲ್ಲ?"

"ಗೊತ್ತೈತ್ರಿ ಸರ್."

"ಒಳ್ಳೆಯದು. ನಿಮ್ಮ ವರ್ಗಾವಣೆ ಅರ್ಜಿ ನನ್ನ ಮೇಜಿನ ಮೇಲೇ ಇದೆ. ಬಂದ ಮೇಲೆ ನೋಡೋಣ."

ಇವು ಹನ್ನೆರಡು ದಿನ ಸುಖವಾಗಿದ್ದರೆ ಸಿಂಧನೂರು, ಕಾಯಿಲೆ ಬಿದ್ದರೆ ನಿವೃತ್ತಿಯವರೆಗೆ ಕಬ್ಬಿಣದ ಪಟ್ಟಿ. ಲೆಕ್ಕ ಇಷ್ಟು ಸರಳವಾಗಿತ್ತು.

ಸಂಜೆ ಬಸ್ಸಿನಲ್ಲಿ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಂಡಕ್ಟರ್ ಬಗ್ಗಿ ನೋಡಿ, "ಇವು ಕೋಳಿ ಲೆಕ್ಕಕ್ಕ ಬರ್ತಾವೋ, ಮೊಲದ ಲೆಕ್ಕಕ್ಕೋ?" ಎಂದು ಕೇಳಿದ. ಹುಲಿಗೇಶ ಗಂಭೀರವಾಗಿ, "ಸರ್ಕಾರಿ ಲೆಕ್ಕಕ್ಕ," ಎಂದ. ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಮನೆಯಲ್ಲಿ ಅವನ ಹೆಂಡತಿ ಸುರೇಖಾಗೆ ಈ ಗೌರವವೆಲ್ಲ ಇರಲಿಲ್ಲ. ಆಕೆ ಪ್ರಾಥಮಿಕ ಶಾಲೆಯ ಟೀಚರ್. "ಇಲಿ ಔಷಧ ತರ್ರಿ ಅಂತ ವಾರದಿಂದ ಬಡ್ಕೊಂಡ್ರ ಇಲಿನೇ ತಂದಾರ ನೋಡ್ರಿ," ಎಂದು ಗೋಡೆಯಾಚೆಯ ನಮಗೂ ಕೇಳುವಂತೆ ಹೇಳಿದಳು. ಹನ್ನೊಂದು ವರ್ಷದ ಮಗಳು ಮೇಘಾ ಮಾತ್ರ ಕುಣಿದಾಡಿದಳು.

ಅಲ್ಲಿಂದ ಹಾಸಿಗೆಯ ಹುಡುಕಾಟ ಶುರುವಾಯಿತು. ಮೊದಲ ದಿನ ಹಳೆ ಪೇಪರು. ಬೆಳಗಾಗುವಷ್ಟರಲ್ಲಿ ಲಡ್ಡು ಜಿಲ್ಲಾ ಸುದ್ದಿಯನ್ನು ತಿಂದು ಮುಗಿಸಿತ್ತು, ಜಾಮೂನು ಕ್ರೀಡಾ ಪುಟವನ್ನು ಒದ್ದೆ ಮಾಡಿತ್ತು. ಎರಡನೇ ದಿನ ಬಡಗಿ ಅಸದ್ ಒಂದು ಚೀಲ ಕಟ್ಟಿಗೆ ಪುಡಿ ಕೊಟ್ಟ. "ಸಾಗವಾನಿದು ಐತಿ ಅಣ್ಣಾ, ಫಿಕರ್ ಮಾಡಬ್ಯಾಡ. ಮಧ್ಯಾಹ್ನ ಇದರ ಮ್ಯಾಲ ನಾನೇ ಮಲಗ್ತೀನಿ," ಎಂದ. ಅಸದ್‌ಗೆ ಹಿಡಿಸಿದ್ದು ಲಡ್ಡುಗೆ ಹಿಡಿಸಲಿಲ್ಲ. ಸಂಜೆಯೊಳಗೆ ಅದು ಏಳು ಸಲ ಸೀನಿತು. ಎಣಿಸಿದ್ದು ಹುಲಿಗೇಶನೇ. ಪ್ರತಿ ಸೀನಿಗೂ ಅವನ ಮುಖ ಮಸ್ಕಿಯ ಕಡೆಗೆ ತಿರುಗುತ್ತಿತ್ತು.

ಸುದ್ದಿ ಓಣಿಗೆ ಹರಡಿತು. ಎದುರು ಮನೆಯ ಕರಿಬಸಯ್ಯನವರು ಅಕ್ಕಿ ಗಿರಣಿಯ ಮಾಲೀಕರು. ಅವರಿಗೆ ಇದು ಊರಿನ ಮರ್ಯಾದೆಯ ಪ್ರಶ್ನೆಯಾಗಿ ಕಂಡಿತು. "ಏನಪಾ ಹುಲಿಗೇಶ, ಸಿಂಧನೂರಾಗ ಕುಂತು ಹಾಸಿಗಿ ಹುಡುಕಾಕತ್ತೀಯಂತಲ್ಲ? ಭತ್ತದ ಹೊಟ್ಟು ಎದಕ್ಕೈತಿ? ಕಳಿಸ್ತೀನಿ ತಗೋ," ಎಂದರು. ಹುಲಿಗೇಶ ಒಂದು ಬುಟ್ಟಿ ಬರಬಹುದೆಂದುಕೊಂಡ. ಕರಿಬಸಯ್ಯನವರ ಕೈ ದೊಡ್ಡದು. ಟ್ರ್ಯಾಕ್ಟರ್ ಬಂದು ಒಂದು ಟ್ರೇಲರ್ ಹೊಟ್ಟನ್ನು ಬಾಗಿಲ ಮುಂದೆ ಸುರಿದು ಹೋಯಿತು. ಮಧ್ಯಾಹ್ನ ಗಾಳಿ ಎದ್ದಿತು. ನಮ್ಮ ಮನೆಯಲ್ಲಿ ಮೂರು ದಿನ ಉಪ್ಪಿಟ್ಟು, ಸಾರು, ಮಜ್ಜಿಗೆ ಎಲ್ಲದರಲ್ಲೂ ಹೊಟ್ಟು. ನಾನು ಸಹಿಸಿಕೊಂಡೆ, ನನ್ನ ಹೆಂಡತಿ ಸಹಿಸಿಕೊಳ್ಳಲಿಲ್ಲ, ಅದು ಬೇರೆ ಮಾತು. ಇಷ್ಟಾದರೂ ಹೊಟ್ಟಿನ ಮೊನೆ ಚುಚ್ಚಿ, ಲಡ್ಡು ಜಾಮೂನು ಎರಡೂ ಕಾಲು ಎತ್ತಿ ಎತ್ತಿ ಇಡುತ್ತಾ ಪಂಜರದ ಮೂಲೆಯಲ್ಲಿ ನಿಂತವು. ಸೀನು ಹನ್ನೊಂದಕ್ಕೆ ಏರಿತು.

ಐದನೇ ದಿನ ಹುಲಿಗೇಶ ಪಶು ಆಸ್ಪತ್ರೆಗೆ ಓಡಿದ. ಅಲ್ಲಿನ ಡಾಕ್ಟರ್ ಪ್ರಾಣಿಯನ್ನು ಅಂಗೈ ಮೇಲೆ ಕೂರಿಸಿಕೊಂಡು ನೋಡಿ, "ಎದಿ ಸಾಫ್ ಐತ್ರಿ. ಧೂಳಿಗೆ ಬರೀ ನೆಗಡಿ ಆಗೈತಿ. ಹಳೇ ಹತ್ತಿ ಬಟ್ಟಿ ನಾಕೈದು ಪದರ ಮಾಡಿ ಹಾಸ್ರಿ, ಮೆತ್ತಗಿರಬೇಕು. ದಾರ ಬಿಟ್ಟಿರಬಾರದು, ಕಾಲಿಗೆ ಸುತ್ಕೋತೈತಿ. ಹೊಲಿಗಿ ಒತ್ತೊತ್ತಾಗಿ ಇರಬೇಕು," ಎಂದರು.

ಹಳೆಯ ಹತ್ತಿ ಬಟ್ಟೆ, ಪದರ, ಒತ್ತಾದ ಹೊಲಿಗೆ ಎಂದರೆ ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು, ಅದು ಕೌದಿ. ಕೌದಿ ಎಂದರೆ ಪಾಮನಕಲ್ಲೂರಿನ ಅಮರಮ್ಮ. ಹಳೆ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಆಕೆ ಹಾಕುವ ಹೊಲಿಗೆಯಲ್ಲಿ ಸೂಜಿ ತೂರಿಸಲೂ ಜಾಗ ಇರುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಹೋಳಿಗೆಯ ಒಂದು ಚೂರು ಇಡುತ್ತಾಳೆ. ಉಣ್ಣದ ಕೌದಿ ಬೆಚ್ಚಗಿರುವುದಿಲ್ಲ ಎಂದು ಆಕೆಯ ನಂಬಿಕೆ. ಸಣ್ಣವನಿದ್ದಾಗ ಹುಲಿಗೇಶ ನಾಯಿಮರಿಗೆ ಕೌದಿ ಹಾಸಿದ್ದಕ್ಕೆ ತಾಯಿ ಒಂದು ವಾರ ಮಾತು ಬಿಟ್ಟಿದ್ದಳು. ಸುರೇಖಾಳ ಮದುವೆಯಲ್ಲಿ ಆಕೆ ಕೊಟ್ಟ ಐದು ಕೌದಿಗಳು ಈಗ ಅಟ್ಟದ ಮೇಲಿವೆ, ಹಾಸಿಗೆ ಮೇಲೆ ಅಂಗಡಿಯ ಹೂವಿನ ಬ್ಲಾಂಕೆಟ್ಟಿದೆ. ಏಳು ವರ್ಷದ ಹಿಂದೆ ಅದನ್ನು ಕಂಡ ದಿನದಿಂದ ಅಮರಮ್ಮ ಸಿಂಧನೂರಿಗೆ ಬಂದರೆ ಚಹಾ ಕುಡಿದು, ಬಸ್ಸಿನ ಹೊತ್ತು ಕೇಳಿ, ಎದ್ದು ಹೋಗುತ್ತಾಳೆ. ಅಟ್ಟದ ಕೌದಿ ಕೇಳಲು ಹುಲಿಗೇಶನಿಗೆ ಹೆಂಡತಿಯ ಭಯ. ಇಲಿಗೆ ಎಂದು ಹೇಳಲು ತಾಯಿಯ ಭಯ.

ಮರುದಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಫೋನ್ ಹಚ್ಚಿದ. ಆಕೆಯ ದನಿ ದೊಡ್ಡದು, ಎರಡೂ ಕಡೆಯ ಮಾತು ನನಗೆ ಕೇಳಿತು.

"ಯವ್ವಾ, ನನಗ ಎರಡು ಸಣ್ಣ ಕೌದಿ ಬೇಕಾಗ್ಯಾವ. ಜಲ್ದಿ ಬೇಕು."

"ಎಷ್ಟು ಸಣ್ಣವೋ?"

"ಒಂದೊಂದು ಮೊಳ. ಎರಡೂ ಒಂದೇ ಅಳತಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಎರಡೇನೋ?"

"ಎರಡಬೇ. ಡಾಕ್ಟರ್ ನೋಡ್ಯಾರ."

"ಆರಾಮ ಅದಾವಿಲ್ಲೋ ನನ್ನಪ್ಪಾ?"

"ಅದಾವ. ಒಂದಕ್ಕ ಜರಾ ನೆಗಡಿ ಆಗೈತಿ, ಅಷ್ಟ. ಮತ್ತ ಸುರೇಖಾಗ ಏನೂ ಕೇಳಬ್ಯಾಡ. ಆಕಿ ಮೊದಲೇ ಸಿಟ್ಟಿನ್ಯಾಗ ಅದಾಳ."

"ಈ ವ್ಯಾಳ್ಯಾದಾಗ ಸಿಟ್ಟು ಬರೋದೇ ತಗೋ. ನೀ ಸುಮ್ನ ತಾಳ್ಕೋ," ಎಂದ ಅಮರಮ್ಮನ ದನಿ ಗದ್ಗದವಾಗಿತ್ತು. ಹುಲಿಗೇಶ ಫೋನ್ ಇಟ್ಟು, "ಪಾಪ, ಅವ್ವಗೂ ನೆಗಡಿ ಆಗೈತಿ," ಎಂದ.

ಪಾಮನಕಲ್ಲೂರಿನಲ್ಲಿ ಆಗಿದ್ದು ನನಗೆ ಆಮೇಲೆ ಗೊತ್ತಾಯಿತು. ಮೊಳದ ಕೌದಿ ಹೊಲಿಯುವುದು ಹುಟ್ಟುವ ಕೂಸಿಗೆ. ಎರಡು ಎಂದರೆ ಅವಳಿ. ಹನ್ನೊಂದು ವರ್ಷದ ಮೇಲೆ ಮನೆಗೆ ಎರಡು ಕೂಸು ಒಟ್ಟಿಗೆ! ಅಮರಮ್ಮ ಮಗನ ಮಾತಿನಂತೆ ಗುಟ್ಟು ಕಾಪಾಡಿ, ಪಕ್ಕದ ಮನೆಯ ಕರೆಮ್ಮನಿಗೆ ಮಾತ್ರ ಹೇಳಿದಳು. ಕರೆಮ್ಮನೂ ಓಣಿಯ ಹನ್ನೆರಡು ಹೆಂಗಸರಿಗೆ ಮಾತ್ರ ಹೇಳಿದಳು. ಒಬ್ಬಳಿಗೆ ಸಂಶಯ ಬಂದು, "ಹೊಟ್ಟಿಯಾಗಿರೋ ಕೂಸಿಗೆ ನೆಗಡಿ ಆಗೇತಂತ ಹೆಂಗ ಗೊತ್ತಾತು?" ಎಂದಳಂತೆ. "ಈಗಿನ ಸ್ಕ್ಯಾನಿನಾಗ ಸೀನಿದ್ದೂ ಕಾಣ್ತೈತೆಬೇ," ಎಂದು ಕರೆಮ್ಮ ವಿವರಿಸಿದಳು. ತಿಂಗಳು ಹಿಡಿಯುವ ಕೆಲಸವನ್ನು ಹನ್ನೆರಡು ಹೆಂಗಸರು ಆರು ದಿನಕ್ಕೆ ಮುಗಿಸಲು ಕೂತರು. ಒಬ್ಬೊಬ್ಬರು ತಮ್ಮ ಮೆತ್ತನೆಯ ಸೀರೆಯ ತುಂಡು ತಂದರು.

ಆ ಸಂಜೆ ಸುರೇಖಾ ನಮ್ಮ ಮನೆಗೆ ಬಂದು ನನ್ನ ಹೆಂಡತಿಯ ಎದುರು ಕಣ್ಣೊರೆಸಿಕೊಂಡಳು. "ನಮ್ಮ ಅತ್ತಿ ಫೋನ್ ಮಾಡಿದ್ರಕ್ಕಾ. ಕೊಡ ಎತ್ತಬ್ಯಾಡ, ನಿಂತು ಪಾಠ ಹೇಳಬ್ಯಾಡ, ಹಾಲು ಕುಡಿ ಅಂದ್ರು. ಏಳು ವರ್ಷದಾಗ ಒಂದು ದಿನ ಹೆಂಗದೀ ಅಂತ ಕೇಳಿದವರಲ್ಲ. ಎಷ್ಟು ಒಳ್ಳೇವ್ರಿದ್ರು, ನನಗೇ ಗೊತ್ತಾಗಿದ್ದಿಲ್ಲ ನೋಡ್ರಿ."

ಮುಂದಿನದು ಬಸ್ಸಿನಲ್ಲಿ ನಡೆಯಿತು. ಕರೆಮ್ಮನ ಮಗ ಶರಣಬಸವ ದಿನವೂ ಮಸ್ಕಿಯಲ್ಲಿ ನಮ್ಮ ಬಸ್ಸು ಹತ್ತುತ್ತಾನೆ. ಆ ದಿನ ಪೇಡೆ ಪೊಟ್ಟಣ ಹಿಡಿದು ಹತ್ತಿದ. "ಅಣ್ಣಾ, ಸುದ್ದಿ ಕೇಳಿದ್ವಿ. ಭಾಳ ಖುಷಿ ಆತು!"

ಹುಲಿಗೇಶನ ತಲೆಯಲ್ಲಿದ್ದ ಸುದ್ದಿ ಒಂದೇ. ಮುಖ ಅರಳಿತು. "ಇಷ್ಟ ಜಲ್ದಿ ಊರ ತನಕ ಮುಟ್ಟೇತೇನು? ಇನ್ನಾ ಕೈಯಾಗ ಬಂದಿಲ್ಲೋ ತಮ್ಮಾ."

"ಬರ್ತೈತಿ ಬಿಡಣ್ಣಾ. ಭಾಳ ವರ್ಷ ಕಾದ್ರಿ."

"ಒಂಬತ್ತು ವರ್ಷ! ಅರ್ಜಿ ಮ್ಯಾಲ ಅರ್ಜಿ ಹಾಕೀನಿ."

"ಅರ್ಜಿ?" ಎಂದ ಶರಣಬಸವ.

"ಬರೇ ಅರ್ಜಿ ಹಾಕಿದ್ರ ಆಗ್ತೈತೇನು? ಇದು ನನ್ನೊಬ್ಬನ ಕೈಲೆ ಆಗೋ ಕೆಲಸಲ್ಲ. ಎಲ್ಲಾ ನಮ್ಮ ಸಾಹೇಬ್ರ ಕೃಪಾ."

ಬಸ್ಸಿನ ತುಂಬ ಹಂಚುತ್ತಿದ್ದ ಪೇಡೆಗಳು ಅರ್ಧ ದಾರಿಯಲ್ಲಿ ನಿಂತವು. ಹಿಂದಿನ ಸೀಟಿನಲ್ಲಿದ್ದ ಪಾಮನಕಲ್ಲೂರಿನ ಒಬ್ಬ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದಳು. ಶರಣಬಸವ ದನಿ ಇಳಿಸಿ, "ಇದು... ಸುರೇಖಕ್ಕಗ ಗೊತ್ತೈತೇನಣ್ಣಾ?" ಎಂದ.

"ಗೊತ್ತೈತೇನಂತ ಕೇಳ್ತೀಯಲ್ಲೋ! ಸಾಹೇಬ್ರನ್ನ ಹಿಡೀರಿ, ಇಲ್ಲಾಂದ್ರ ಈ ಜನ್ಮದಾಗ ಆಗಂಗಿಲ್ಲ ಅಂತ ಹೇಳಿದಾಕಿನೇ ಆಕಿ."

ಆಗ ನನಗೂ ಏನೂ ಅರ್ಥವಾಗಿರಲಿಲ್ಲ. ಆದರೂ ಏನೋ ಎಡವಟ್ಟಾಗಿದೆ ಎನ್ನಿಸಿ ಲಿಂಗಸುಗೂರು ಬರುವವರೆಗೆ ಕಿಟಕಿಯ ಹೊರಗೆ ಜಾಲಿ ಗಿಡ ಎಣಿಸಿದೆ. ಶರಣಬಸವ ಸಂಜೆ ಮನೆಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದ. ಕರೆಮ್ಮ ಅಮರಮ್ಮನಿಗೆ ಹೇಳಲಿಲ್ಲ, ಮನಸ್ಸಿನಲ್ಲೇ ಇಟ್ಟುಕೊಂಡು ಕುದಿದಳು.

ಹನ್ನೆರಡನೇ ದಿನ ಭಾನುವಾರ. ಕೌದಿ ತಂದುಕೊಡಲು ಬಂದದ್ದು ತಾಯಿ ಒಬ್ಬಳೇ ಅಲ್ಲ, ಒಂದು ಟಂಟಂ ಆಟೋ ತುಂಬ ಹೆಂಗಸರು. ಹೋಳಿಗೆಯ ಬುಟ್ಟಿ, ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಲು ಕೊಬ್ಬರಿ, ಉತ್ತತ್ತಿ, ಸೀಮಂತಕ್ಕೆ ಬೇಕಾದುವೆಲ್ಲ ಇಳಿದವು. ಗಲಾಟೆ ಕೇಳಿ ನಾವೂ ಹೋದೆವು. ಕರಿಬಸಯ್ಯನವರೂ ತಮ್ಮ ಹೊಟ್ಟಿನ ರಾಶಿ ದಾಟಿಕೊಂಡು ಬಂದರು. ಅಮರಮ್ಮ ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿದು, ಮಣೆಯ ಮೇಲೆ ಕೂರಿಸಿ, ಎರಡು ಕೌದಿಗಳನ್ನು ಆಕೆಯ ತೊಡೆಯ ಮೇಲಿಟ್ಟಳು.

"ಇದೇನ್ರಿ ಅತ್ತಿ?"

"ಕುಬಸನವ್ವಾ. ನನ್ನ ಮುಂದ್ಯಾಕ ಮುಚ್ಚಿಡ್ತಿ? ಎಷ್ಟರಾಗ ಬಿದ್ದಾವ?"

"ಏನು ಬಿದ್ದಾವ್ರಿ?"

"ತಿಂಗಳಾ!"

ಸುರೇಖಾ ಗಂಡನ ಕಡೆ ನೋಡಿದಳು. ಹುಲಿಗೇಶ ಗೋಡೆಯ ಕಡೆ ನೋಡಿದ. ಅದೇ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ಊರಿನಿಂದ ಮರಳುತ್ತಿದ್ದ ಸಾಹೇಬರು ದಾರಿಯಲ್ಲೇ ಪ್ರಾಣಿಗಳನ್ನು ಕರೆದೊಯ್ಯಲು ಬಂದಿದ್ದರು.

"ಇವರ್ಯಾರು?" ಎಂದಳು ಕರೆಮ್ಮ.

"ನಮ್ಮ ಸಾಹೇಬ್ರು," ಎಂದ ಹುಲಿಗೇಶ.

ಕರೆಮ್ಮ ಸೆರಗು ಬಿಗಿದು ಮೂಲೆಯ ಕಸಬರಿಗೆ ತೆಗೆದುಕೊಂಡಳು. ಸಾಹೇಬರು ತುಂಬಿದ ಮನೆಯನ್ನು ನೋಡಿ ಸಂತೋಷದಿಂದ ಕೈಮುಗಿದು, "ನಮಸ್ಕಾರ. ಎಲ್ಲಿ, ನನ್ನ ಎರಡು ಮಕ್ಕಳು ಹೇಗಿದ್ದಾರೆ?" ಎಂದರು.

ಕಸಬರಿಗೆ ಮೇಲಕ್ಕೆದ್ದಿತು. ಕರಿಬಸಯ್ಯನವರು ಅಡ್ಡ ಬಂದು ಒಂದು ಏಟನ್ನು ತಾವೇ ತಿಂದರು. ಅಷ್ಟರಲ್ಲಿ ಒಳಗಿನಿಂದ ಮೇಘಾ ಪಂಜರ ಎತ್ತಿಕೊಂಡು ಬಂದಳು. "ಅಜ್ಜೀ, ಕೌದಿ ತಂದೀಯೇನು? ಜಲ್ದಿ ಕೊಡು. ಲಡ್ಡು ಇನ್ನಾ ಸೀನಾಕತ್ತಾನ!"

ಲಡ್ಡು ಸಮಯಕ್ಕೆ ಸರಿಯಾಗಿ ಸೀನಿತು. ಅದರ ಜೊತೆಗೆ ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಕರೆಮ್ಮ ಕಸಬರಿಗೆಯಿಂದಲೇ ನೆಲ ಗುಡಿಸತೊಡಗಿದಳು.

ಅಮರಮ್ಮ ಮಾತ್ರ ನಗಲಿಲ್ಲ. ಆಕೆ ನಿಧಾನವಾಗಿ ನೆಲದ ಮೇಲೆ ಕೂತಳು. "ಇಲಿಗೇನೋ ಇದು? ನಾನು ಮೊಮ್ಮಕ್ಕಳಿಗಂತ ಹೊಲಿದ್ನಲ್ಲೋ. ನಿಮ್ಮಪ್ಪನ ಧೋತರ ಐತಿ ಇದರಾಗ. ಅಂವ ಹೋದ ಮ್ಯಾಲ ಅದನ್ನ ಕತ್ತರಿಗಿ ಕೊಟ್ಟಿದ್ದಿಲ್ಲ ನಾನು," ಎಂದಳು.

ಹುಲಿಗೇಶ ತಾಯಿಯನ್ನು ನೋಡಿದ, ಸಾಹೇಬರನ್ನು ನೋಡಿದ. ಏನೋ ಒಂದು ವಿದ್ವತ್ತಿನ ಮಾತು ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂದು ನಾನು ಕಾದೆ. ಅವನು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು, "ಯವ್ವಾ, ತಪ್ಪಾತು. ಇವಕ್ಕ ಏನು ಹಾಸಬೇಕಂತ ನನಗ ಗೊತ್ತಿದ್ದಿಲ್ಲ. ಗೊತ್ತೈತಿ ಅಂತ ಸಾಹೇಬ್ರ ಮುಂದ ಸುಳ್ಳ ಹೇಳಿದ್ದೆ. ಪೇಪರ್, ಪುಡಿ, ಹೊಟ್ಟು ಎಲ್ಲಾ ಹಾಕಿ ನೋಡಿದೆ. ಮೆತ್ತಂದು ಅಂದ್ರ ಏನಂತ ಯೋಚಿಸಿದಾಗ ನಿನ್ನ ಕೌದಿ ಬಿಟ್ರ ಬ್ಯಾರೆ ನೆನಪಾಗಲಿಲ್ಲ," ಎಂದ.

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಆ ಮಾತು ಹೊರಟಿತು. ಅದೂ ಅರ್ಜಿ ಇಟ್ಟುಕೊಂಡ ಸಾಹೇಬರ ಎದುರಲ್ಲೇ.

ಮೇಘಾ ಅಷ್ಟರಲ್ಲಿ ಅಮ್ಮನ ತೊಡೆಯಿಂದ ಒಂದು ಕೌದಿ ಎತ್ತಿ ಪಂಜರದೊಳಗೆ ಹಾಸಿದ್ದಳು. ಲಡ್ಡು ಮೂಗು ಮುಂದೆ ಮಾಡಿ ಕೌದಿಯ ಅಂಚಿನುದ್ದಕ್ಕೂ ಮೂಸುತ್ತಾ ಹೋಗಿ, ಹೋಳಿಗೆ ಚೂರಿದ್ದ ಮೂಲೆಗೆ ಬಂದು ನಿಂತಿತು. ಜಾಮೂನು ಹಿಂದೆಯೇ ಬಂತು. ಎರಡೂ ಅಲ್ಲೇ ಒಂದಕ್ಕೊಂದು ಅಂಟಿಕೊಂಡು, ಹೊಟ್ಟೆ ಹರವಿ, ಕಣ್ಣು ಮುಚ್ಚಿದವು. ಸೀನಲಿಲ್ಲ.

ಅಮರಮ್ಮ ಪಂಜರದ ಹತ್ತಿರ ಸರಿದು ಬಹಳ ಹೊತ್ತು ನೋಡಿದಳು. "ಹೋಳಿಗಿ ಮೂಲಿ ಯಾವುದಂತ ಇವಕ್ಕ ಹೆಂಗ ಗೊತ್ತಾತಬೇ ಕರೆಮ್ಮ?" ಎಂದಳು. ಆಮೇಲೆ ಸೊಸೆಯ ಕಡೆ ನೋಡದೆ, "ನಾನು ಹೊಲಿದದ್ದರ ಮ್ಯಾಲ ಹಿಂಗ ಮಲಗಿದವರನ್ನ ನೋಡಿ ಭಾಳ ವರ್ಷ ಆಗಿತ್ತು," ಎಂದಳು.

ಸುರೇಖಾ ಎದ್ದು ಹೋದಳು. ಅಟ್ಟದ ಮೇಲೆ ಸದ್ದಾಯಿತು. ಐದು ಕೌದಿಗಳನ್ನು ಎದೆಗವುಚಿಕೊಂಡು ಇಳಿದು ಬಂದು, ಅಂಗಡಿಯ ಬ್ಲಾಂಕೆಟ್ ಎಳೆದು ಹಾಕಿ, ಮಂಚಕ್ಕೆ ಒಂದನ್ನು ಹಾಸಿದಳು. "ಅತ್ತಿ, ಇವತ್ತು ಇಲ್ಲೇ ಇರ್ರಿ. ಬಸ್ಸಿನ ಹೊತ್ತು ಕೇಳಬ್ಯಾಡ್ರಿ," ಎಂದಳು. ಅಮರಮ್ಮ ಹಸಿರು ಸೀರೆಯನ್ನು ಅವಳ ಕೈಯಲ್ಲಿಟ್ಟು, "ಹೊಟ್ಟಿಯಾಗ ಯಾರರೆ ಇರಲಿ ಬಿಡಲಿ, ಸೀರಿ ನಿಂದೇ ತಗೋ," ಎಂದಳು. ಕುಬಸ ಇಲ್ಲದಿದ್ದರೂ ಹೋಳಿಗೆ ಇತ್ತು. ಎಲ್ಲರೂ ತಿಂದೆವು. ನಮ್ಮ ಪಾಲಿನ ಹೋಳಿಗೆಯಲ್ಲಿ ಹೊಟ್ಟು ಇರಲಿಲ್ಲ.

ಸಾಹೇಬರು ಮೂರು ಹೋಳಿಗೆ ತಿಂದು, ಕೌದಿ ಸಮೇತ ಪಂಜರವನ್ನು ಕಾರಿನಲ್ಲಿಡಿಸಿ, ಹುಲಿಗೇಶನ ಹೆಗಲ ಮೇಲೆ ಕೈ ಹಾಕಿದರು. "ಇಪ್ಪತ್ತೆರಡು ವರ್ಷ ಆಯ್ತು ಸರ್ವೀಸು. ಗೊತ್ತಿಲ್ಲ ಅಂತ ಒಪ್ಪಿಕೊಂಡ ಗುಮಾಸ್ತರನ್ನ ಇವತ್ತೇ ನೋಡಿದ್ದು."

ಹುಲಿಗೇಶ ತಲೆ ತಗ್ಗಿಸಿ ನಕ್ಕ. ನಮಗೆಲ್ಲ ವರ್ಗಾವಣೆ ಕಣ್ಣೆದುರೇ ಕಂಡಿತು.

"ಇಂಥವರನ್ನ ಬಿಟ್ಟುಕೊಡೋಕಾಗುತ್ತಾ? ಅರ್ಜಿ ನಾಳೇನೇ ವಾಪಸ್ ಕಳಿಸ್ತೀನಿ. ನಾನಿರೋವರೆಗೂ ನೀವು ಲಿಂಗಸುಗೂರಲ್ಲೇ,"  ಎಂದು ಸಾಹೇಬರು ಬಹುಮಾನ ಕೊಟ್ಟವರಂತೆ ಕಾರು ಹತ್ತಿದರು.

ಸೋಮವಾರ ಬೆಳಿಗ್ಗೆ ಹುಲಿಗೇಶ ಬಸ್ ಸ್ಟ್ಯಾಂಡಿಗೆ ಬಂದಾಗ ಕಂಕುಳಲ್ಲಿ ಎರಡನೇ ಕೌದಿ ಇತ್ತು. ಎರಡೂ ಪ್ರಾಣಿ ಒಂದೇ ಕೌದಿಯ ಮೇಲೆ ಮಲಗಿದ್ದರಿಂದ ಅದು ಉಳಿದಿತ್ತು. ಹೊರಡುವಾಗ ತಾಯಿ ಮಡಚಿ ಕೈಗೆ ಕೊಟ್ಟಿದ್ದಳು. ಅವನು ಅದನ್ನು ಕಬ್ಬಿಣದ ಪಟ್ಟಿಯ ಮೇಲೆ ಹಾಸಿ, ಒಮ್ಮೆ ಕೂತು, ಎದ್ದು, ಹೋಳಿಗೆಯ ಮೂಲೆ ತನ್ನ ಕಡೆಗೆ ಬರುವಂತೆ ತಿರುಗಿಸಿ ಮತ್ತೆ ಕೂತ. ಒಂದು ಸಲವೂ ಹೊರಳಲಿಲ್ಲ. ಮಸ್ಕಿ ಬರುವಷ್ಟರಲ್ಲಿ ಅವನ ತಲೆ ನನ್ನ ಹೆಗಲ ಮೇಲಿತ್ತು.

ಶರಣಬಸವ ಹತ್ತಿದವನು ನಾಚುತ್ತಲೇ ಹತ್ತಿರ ಬಂದು, "ಅಣ್ಣಾ, ಮತ್ತ ಸಿಂಧನೂರಿಗೆ ವರ್ಗಾ ಯಾವಾಗ?" ಎಂದ.

ಹುಲಿಗೇಶ ಕಣ್ಣು ತೆರೆಯಲಿಲ್ಲ. "ಗೊತ್ತಿಲ್ಲ ತಮ್ಮಾ," ಎಂದು ಇನ್ನಷ್ಟು ಒರಗಿಕೊಂಡು ಮಲಗಿದ.